ಕಿಟಕಿ ತೆರೆಯದವರ ವಾದ

2021ರ ಡಿಸೆಂಬರ್ ಆರಂಭದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ವಸತಿ ಶಾಲೆಯೊಂದರ 13 ಮಕ್ಕಳಿಗೆ ಕೊರೊನಾ ದೃಢಪಟ್ಟಿತು. ಸುದ್ದಿ ಹಾಸನ ಮುಟ್ಟುವ ಹೊತ್ತಿಗೆ ಎರಡು ತೀರ್ಪುಗಳು ಬರೆದಿಟ್ಟಂತೆ ಸಿದ್ಧವಾಗಿದ್ದವು. ‘ನಾನ್ ಹೇಳಲಿಲ್ವಾ, ಮಕ್ಕಳೇ ಮನೆಗೆ ತಂದು ಅಂಟಿಸೋದು, ಮುಚ್ಚಿ ಸ್ಕೂಲು’ ಎಂದಿತು ಒಂದು ಗುಂಪು. ‘ಒಬ್ರಿಗಾದ್ರೂ ಉಸಿರು ಕಟ್ತಾ? ಮಕ್ಕಳಿಗೆ ಏನೂ ಆಗಲ್ಲ ಕಣ್ರೀ, ಸುಮ್ನೆ ಗುಲ್ಲೆಬ್ಬಿಸ್ತಾರೆ’ ಎಂದಿತು ಇನ್ನೊಂದು. ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನವರೆಗೆ ಓಡಾಡಿದ್ದು ಈ ಎರಡೇ ಮಾತು.

ಯಾರೂ ಕೇಳದೆ ಬಿಟ್ಟ ಪ್ರಶ್ನೆಗಳು ಬೇರೆ ಇದ್ದವು. ಎಷ್ಟು ಮಕ್ಕಳ ಗಂಟಲು ದ್ರವ ತೆಗೆದದ್ದರಲ್ಲಿ 13 ಬಂತು? ಆ ಮಕ್ಕಳು ಒಂದೇ ಕೋಣೆಯಲ್ಲಿ ಮಲಗುವವರೇ, ಒಂದೇ ತರಗತಿಯವರೇ? ಊರಿಗೆ ಹೋಗಿ ಬಂದವರು ಯಾರು, ಯಾವತ್ತು ಬಂದರು? ಅಡುಗೆಯವರಿಗೆ, ವಾರ್ಡನ್‌ಗೆ ಪರೀಕ್ಷೆ ಆಯಿತೇ? ಮೊದಲು ಬಂದದ್ದು ದೊಡ್ಡವರಿಗೋ ಚಿಕ್ಕವರಿಗೋ? ಈ ಐದು ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಆ 13 ಎಂಬ ಅಂಕಿ ಏನನ್ನಾದರೂ ಹೇಳುತ್ತಿತ್ತು. ಸಿಗದಿದ್ದರೆ ಅದು ಯಾರು ಬೇಕಾದರೂ ತಮ್ಮ ವಾದಕ್ಕೆ ಅಂಟಿಸಿಕೊಳ್ಳಬಹುದಾದ ಚೀಟಿ. ಎರಡೂ ಗುಂಪು ಅಂಟಿಸಿಕೊಂಡವು. ಆ ಎರಡೂ ಗುಂಪಿಗೂ ಉದ್ದೇಶಿಸಿ ಈ ಬರಹ. ಓದುವವರು ತಾವು ಮೂರನೆಯವರು ಎಂದು ಬೇಗ ಸಮಾಧಾನಪಟ್ಟುಕೊಳ್ಳದಿದ್ದರೆ ಒಳ್ಳೆಯದು.

ನಮ್ಮ ಜಿಲ್ಲೆಯ ನಿರಾಳತೆಗೆ ಒಂದು ಇತಿಹಾಸವಿದೆ. 2020ರ ಮೇ 12ರವರೆಗೆ ಹಾಸನದಲ್ಲಿ ಒಂದೇ ಒಂದು ಪ್ರಕರಣವಿರಲಿಲ್ಲ. ಹಸಿರು ವಲಯ ಎಂದು ಎದೆ ತಟ್ಟಿಕೊಂಡೆವು. ಮೇ 12ರಂದು ಮುಂಬೈನಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಐವರಿಗೆ ಸೋಂಕು ಕಂಡಾಗ ಎಲ್ಲ ತಪ್ಪನ್ನೂ ‘ಬಾಂಬೆಯವರ’ ತಲೆಗೆ ಕಟ್ಟಿದೆವು. ರೋಗ ಯಾವಾಗಲೂ ಹೊರಗಿನಿಂದ ಬರುತ್ತದೆ, ತರುವವರು ಯಾವಾಗಲೂ ಬೇರೆಯವರು ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು. ಮುಂದೆ ಆ ‘ಬೇರೆಯವರ’ ಜಾಗಕ್ಕೆ ಮಕ್ಕಳನ್ನು ಕೂರಿಸಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಮಕ್ಕಳಿಂದ ಎಷ್ಟು ಹರಡುತ್ತದೆ ಎಂಬುದಕ್ಕೆ ಸಾಕ್ಷ್ಯ ಅಸ್ಪಷ್ಟವಾಗಿತ್ತು, ಅದು ನಿಜ. ಆದರೆ ಅಸ್ಪಷ್ಟ ಎಂದರೆ ಏನೂ ಇರಲಿಲ್ಲ ಎಂದಲ್ಲ. ಇದ್ದುದನ್ನು ತೂಗಿ ನೋಡಬೇಕಿತ್ತು. ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಕೊಳ್ಳಲು ಬರುವ ಅರಕಲಗೂಡಿನ ರೈತ ಚೀಲದ ಬಾಯಿ ಬಿಚ್ಚಿಸಿ, ಮೇಲಿನ ಗೆಡ್ಡೆ ಪಕ್ಕಕ್ಕಿಟ್ಟು, ತಳದಿಂದ ನಾಲ್ಕು ತೆಗೆಸಿ, ಕೊಯ್ದು ನೋಡಿ ಆಮೇಲೆ ದರ ಮಾತಾಡುತ್ತಾನೆ. ಅದೇ ರೈತ, ಅವನ ಮಗನಿಗೆ ಪಾಠ ಹೇಳುವ ಮೇಷ್ಟ್ರು, ಅವರ ಮೇಲಿನ ಅಧಿಕಾರಿ, ಮೂವರೂ ಮೊಬೈಲಿಗೆ ಬಂದ ಅಧ್ಯಯನವನ್ನು ಮಾತ್ರ ಚೀಲದ ಮೇಲಿನ ಚೀಟಿ ಓದಿಯೇ ಒಪ್ಪಿಬಿಟ್ಟರು.

ಚೀಲದ ತಳದಲ್ಲಿ ಏನಿತ್ತು ನೋಡಿ. ಶಾಲೆ ತೆರೆಯಿರಿ ಎನ್ನುವವರು ಜಗತ್ತಿನೆಲ್ಲೆಡೆ ತೋರಿಸುತ್ತಿದ್ದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಅಧ್ಯಯನ. 2020ರ ಮೊದಲ ತಿಂಗಳುಗಳಲ್ಲಿ ಅಲ್ಲಿನ 25 ಶಾಲೆ ಮತ್ತು ಶಿಶುವಿಹಾರಗಳಿಗೆ ಸೋಂಕಿದ್ದ 27 ಮಂದಿ ಬಂದಿದ್ದರು. ಅವರ ಸಂಪರ್ಕಕ್ಕೆ ಬಂದ 1,448 ಜನರಲ್ಲಿ 18 ಮಂದಿಗೆ ಮಾತ್ರ ಸೋಂಕು ತಗಲಿತ್ತು. ಬಹಳ ಕಡಿಮೆ, ಅಲ್ಲವೇ? ಆದರೆ ಆ 1,448 ಜನರಲ್ಲಿ ಪರೀಕ್ಷೆಗೆ ಒಳಗಾದವರು 633. ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಪರೀಕ್ಷಿಸಿರಲೇ ಇಲ್ಲ. ಲಕ್ಷಣವಿಲ್ಲದೆ ಸೋಂಕು ಹೊತ್ತು ತಿರುಗುವುದು ಮಕ್ಕಳಲ್ಲೇ ಹೆಚ್ಚು ಎನ್ನುವಾಗ ಇದು ಸಣ್ಣ ವಿಷಯವಲ್ಲ. ಮೇಲಾಗಿ ಅಧ್ಯಯನದ ಕೊನೆಯ ವಾರಗಳಲ್ಲಿ ಅಲ್ಲಿನ ಬಹುಪಾಲು ಮಕ್ಕಳು ಮನೆಯಲ್ಲೇ ಇದ್ದರು.

ಮುಚ್ಚಿ ಎನ್ನುವವರ ಕೈಯಲ್ಲಿದ್ದದ್ದು ಜೆರುಸಲೇಮಿನ ಪ್ರೌಢಶಾಲೆಯ ಕಥೆ. 2020ರ ಮೇ ತಿಂಗಳಲ್ಲಿ ಶಾಲೆ ತೆರೆದ ಹತ್ತು ದಿನದಲ್ಲಿ ಅಲ್ಲಿ ಸೋಂಕು ಸ್ಫೋಟಿಸಿ 153 ವಿದ್ಯಾರ್ಥಿಗಳಿಗೆ, 25 ಸಿಬ್ಬಂದಿಗೆ ತಗುಲಿತು. ಇದೂ ಸುಳ್ಳಲ್ಲ. ಆದರೆ ಆ ದಿನಗಳಲ್ಲಿ ಅಲ್ಲಿ ವಿಪರೀತ ಬಿಸಿಲು. ಮಕ್ಕಳಿಗೆ ಮಾಸ್ಕ್‌ನಿಂದ ವಿನಾಯಿತಿ ಕೊಟ್ಟಿದ್ದರು, ಒಂದೊಂದು ಕೋಣೆಯಲ್ಲಿ 35ಕ್ಕೂ ಹೆಚ್ಚು ಮಂದಿಯನ್ನು ಕೂರಿಸಿ ಏಸಿ ಹಾಕಿದ್ದರು. ಆ ಕಥೆ ಮಕ್ಕಳ ಬಗ್ಗೆ ಎಷ್ಟು ಹೇಳುತ್ತದೋ, ಮುಚ್ಚಿದ ಕೋಣೆಯ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುತ್ತದೆ. ನಮ್ಮವರು ಮೊದಲರ್ಧ ಓದಿ ಫಾರ್ವರ್ಡ್ ಮಾಡಿದರು.

ದಕ್ಷಿಣ ಕೊರಿಯಾದ್ದು ಇನ್ನೂ ಪಾಠದಂಥದ್ದು. 5,706 ಸೋಂಕಿತರ 59,073 ಸಂಪರ್ಕಿತರನ್ನು ಹಿಂಬಾಲಿಸಿದ ಅಧ್ಯಯನ 2020ರ ಜುಲೈನಲ್ಲಿ ಹೊರಬಂತು. ಮನೆಯಲ್ಲಿ ಮೊದಲು ಪತ್ತೆಯಾದವರು 10ರಿಂದ 19 ವರ್ಷದವರಾಗಿದ್ದರೆ ಮನೆಮಂದಿಯಲ್ಲಿ ಶೇ 18.6 ಮಂದಿಗೆ ಸೋಂಕು, ಎಲ್ಲ ವಯಸ್ಸಿಗಿಂತ ಹೆಚ್ಚು. ಹತ್ತರೊಳಗಿನವರಾಗಿದ್ದರೆ ಶೇ 5.3. ಹದಿಹರೆಯದವರು ದೊಡ್ಡವರಷ್ಟೇ ಹರಡುತ್ತಾರೆ ಎಂದು ಲೋಕವೆಲ್ಲ ಸುದ್ದಿಯಾಯಿತು. ಕೆಲವೇ ವಾರಗಳಲ್ಲಿ ಅದೇ ದೇಶದ ಸಂಶೋಧಕರು ಮಕ್ಕಳ ಪ್ರಕರಣಗಳನ್ನು ಮತ್ತೆ ಬಿಡಿಸಿ ನೋಡಿದರು. ಎಷ್ಟೋ ಮನೆಗಳಲ್ಲಿ ಮಗುವಿಗೂ ತಾಯಿತಂದೆಗೂ ಸೋಂಕು ಒಂದೇ ಮೂಲದಿಂದ, ಒಟ್ಟಿಗೇ ತಗುಲಿತ್ತು. ಮಗುವಿನದು ಮೊದಲು ಪತ್ತೆಯಾಗಿತ್ತು ಅಷ್ಟೇ. ಅವನ್ನು ತೆಗೆದು ಲೆಕ್ಕ ಹಾಕಿದಾಗ ಮಕ್ಕಳಿಂದ ಮನೆಗೆ ಹರಡಿದ ಪ್ರಮಾಣ ತೀರಾ ಕೆಳಗಿಳಿಯಿತು. ಮೊದಲ ಸುದ್ದಿ ಹಾಸನದವರೆಗೂ ಬಂತು, ತಿದ್ದುಪಡಿ ಬರಲಿಲ್ಲ. ಮೊದಲು ಸಿಕ್ಕಿಬಿದ್ದವನೇ ತಂದವನು ಎನ್ನುವ ತರ್ಕದಲ್ಲಿ ನಮಗೆ ಎಂದೂ ಕೊರತೆಯಿಲ್ಲ.

ಇಷ್ಟು ದೂರ ಹೋಗುವುದೇ ಬೇಡವಾಗಿತ್ತು. ನೆರೆಯ ತಮಿಳುನಾಡು ಮತ್ತು ಆಂಧ್ರದಲ್ಲಿ 84,965 ಸೋಂಕಿತರ 5,75,071 ಸಂಪರ್ಕಿತರ ದಾಖಲೆಯನ್ನು ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು 2020ರ ಸೆಪ್ಟೆಂಬರ್ ಕೊನೆಗೆ ಪ್ರಕಟಿಸಿದ್ದರು. ಆ ಹೊತ್ತಿಗೆ ಅಷ್ಟು ದೊಡ್ಡ ದಾಖಲೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಮಕ್ಕಳಿಂದ ಅದೇ ವಯಸ್ಸಿನ ಮಕ್ಕಳಿಗೆ ಸೋಂಕು ದಾಟುವುದು ಅದರಲ್ಲಿ ಎದ್ದು ಕಾಣುತ್ತಿತ್ತು, ಅದೂ ಶಾಲೆಗಳು ಮುಚ್ಚಿದ್ದಾಗ. ಇನ್ನೊಂದು ಸಂಗತಿಯೂ ಇತ್ತು. ಪತ್ತೆಯಾದ ಸೋಂಕಿತರಲ್ಲಿ ಶೇ 71 ಮಂದಿಯಿಂದ ಯಾರಿಗೂ ಹರಡಿದ್ದು ಕಾಣಲಿಲ್ಲ, ಸುಮಾರು ಶೇ 8 ಮಂದಿಯಿಂದಲೇ ಹೊಸ ಸೋಂಕಿನ ಶೇ 60ರಷ್ಟು ಬಂದಿತ್ತು. ಇದನ್ನು ಓದಿದ ಮೇಲೂ ‘ಮಕ್ಕಳು ಹರಡುತ್ತಾರೋ ಇಲ್ಲವೋ’ ಎಂದು ಒಂದೇ ಮಾತಿನ ಉತ್ತರ ಕೇಳುವುದು ಸೋಮಾರಿತನ. ಯಾವ ವಯಸ್ಸು, ಎಷ್ಟು ಜನ, ಎಷ್ಟು ಹೊತ್ತು, ಗಾಳಿ ಆಡುವ ಜಾಗವೋ ಅಲ್ಲವೋ, ಅಷ್ಟನ್ನೂ ಕೇಳಬೇಕು. ಹತ್ತು ವರ್ಷದೊಳಗಿನ ಮಗುವೂ ಹತ್ತನೇ ತರಗತಿಯ ಹುಡುಗನೂ ಒಂದೇ ಅಲ್ಲ. ಹಗಲಿನ ಶಾಲೆಯೂ ವಸತಿ ಶಾಲೆಯೂ ಒಂದೇ ಅಲ್ಲ. ವಸತಿ ಶಾಲೆ ಎಂದರೆ ಅಂಟಿಕೊಂಡ ಮಂಚಗಳು, ಬೆಳಗಿನ ಬಿಸಿನೀರಿಗೆ ಬಕೆಟ್ ಹಿಡಿದು ಸಾಲು, ಒಂದೇ ನಲ್ಲಿಯಡಿ ತೊಳೆಯುವ ತಟ್ಟೆ, ಚಳಿಗೆ ಭದ್ರವಾಗಿ ಹಾಕಿದ ಕಿಟಕಿ, ಆ ಗಾಳಿಯಲ್ಲೇ ರಾತ್ರಿಯಿಡೀ ಉಸಿರಾಟ. ಮಡಿಕೇರಿಯ ಗಾಳಿಬೀಡಿನ ನವೋದಯ, ಬಾಳೆಹೊನ್ನೂರು ಬಳಿಯ ಸೀಗೋಡಿನ ನವೋದಯ, ನಮ್ಮ ಚನ್ನರಾಯಪಟ್ಟಣದ ಶಾಲೆ: 2021ರ ಕೊನೆಯಲ್ಲಿ ಒಟ್ಟೊಟ್ಟಿಗೆ ಸೋಂಕು ಕಂಡ ಈ ಮೂರೂ ವಸತಿ ಶಾಲೆಗಳೇ. ಅಷ್ಟು ಕಣ್ಣೆದುರಿಗಿದ್ದುದನ್ನೂ ನಾವು ‘ಶಾಲೆಗಳಲ್ಲಿ ಕೊರೊನಾ’ ಎಂದು ಒಂದೇ ಗಂಟು ಕಟ್ಟಿದೆವು.

ಅಂಕಿಯನ್ನು ನಾವು ಹೇಗೆ ಓದುತ್ತೇವೆ ಎಂಬುದಕ್ಕೆ 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಸಾಕು. ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಪರೀಕ್ಷೆ ನಡೆಯಿತು. ಗೇಟಿನ ಮುಂದೆ ಸುಣ್ಣದ ವೃತ್ತ, ಸ್ಕೌಟ್ಸ್ ಮತ್ತು ಗೈಡ್ಸ್‌ನವರು ಹೊಲಿದುಕೊಟ್ಟ ಮಾಸ್ಕ್, ಒಳಗೆ ದೂರ ದೂರ ಬೆಂಚು. ನಡೆಸಿದವರ ಶ್ರಮಕ್ಕೆ ಗೌರವ ಕೊಡಬೇಕು, ಕೊಡುತ್ತೇನೆ. ಮುಗಿದಾಗ 32 ಮಕ್ಕಳಿಗೆ ಸೋಂಕು, 80 ಮಂದಿ ಮನೆಯಲ್ಲಿ ಕ್ವಾರಂಟೈನ್ ಎಂದು ಲೆಕ್ಕ ಬಂತು. ಎಂಟು ಲಕ್ಷದಲ್ಲಿ ಬರೀ 32 ಎಂದು ಒಂದು ಕಡೆ ಸಂಭ್ರಮ, 32 ಮಕ್ಕಳ ಬಲಿ ಕೊಟ್ಟರು ಎಂದು ಇನ್ನೊಂದು ಕಡೆ ಆಕ್ರೋಶ. ಅರೆ, ಸೋಂಕು ತಗುಲಿ ಲಕ್ಷಣ ಕಾಣಲು ಎರಡು ವಾರದವರೆಗೂ ಹಿಡಿಯುತ್ತದೆ. ಪರೀಕ್ಷೆ ನಡೆದದ್ದೇ ಹತ್ತು ದಿನ. ಕೊನೆಯ ದಿನದ ಲೆಕ್ಕದಲ್ಲಿ ಕೊಠಡಿಯಲ್ಲಿ ತಗುಲಿದ ಸೋಂಕು ಕಾಣುವುದು ಹೇಗೆ? ಆ 32ರಲ್ಲಿ ಬಹುಪಾಲು ಮನೆಯಿಂದಲೇ ಬಂದದ್ದಿರಬಹುದು. ಎಷ್ಟು ಮಕ್ಕಳಿಗೆ ಪರೀಕ್ಷಾ ಕೇಂದ್ರದಲ್ಲಿ ತಗುಲಿತು ಎಂದು ತಿಳಿಯಬೇಕಾದರೆ ಜುಲೈ ಮೂರನೇ ವಾರದವರೆಗೆ ಕಾದು, ಕೆಲವು ಕೇಂದ್ರಗಳ ಮಕ್ಕಳನ್ನೂ ಮನೆಯವರನ್ನೂ ಪರೀಕ್ಷಿಸಬೇಕಿತ್ತು. ಅಂಥ ಅವಕಾಶ ಕೈಯಲ್ಲಿತ್ತು: ಪ್ರತಿ ಮಗುವಿನ ನೋಂದಣಿ ಸಂಖ್ಯೆ, ಕೂತ ಕೊಠಡಿ, ಕೂತ ಬೆಂಚು ಎಲ್ಲವೂ ದಾಖಲೆಯಲ್ಲಿತ್ತು. ಅದನ್ನು ಬಿಟ್ಟು ಫಲಿತಾಂಶದ ದಿನ ಕಾದೆವು.

ಫಲಿತಾಂಶದ ವಿಷಯದಲ್ಲಿ ಮಾತ್ರ ನಮ್ಮಷ್ಟು ನಿಖರ ಯಾರೂ ಇಲ್ಲ. 2019ರಲ್ಲಿ ಹಾಸನ ಶೇ 89.33 ಪಡೆದು ರಾಜ್ಯಕ್ಕೇ ಮೊದಲಾದಾಗ ಆ ಕೀರ್ತಿ ಯಾರಿಗೆ ಎಂದು ಬೀದಿಯಲ್ಲಿ ಕಿತ್ತಾಡಿದವರು ನಾವು. ದಶಮಾಂಶದ ಎರಡನೇ ಸ್ಥಾನದವರೆಗೆ ತಲೆಕೆಡಿಸಿಕೊಂಡೆವು. ಅದೇ ಜಿಲ್ಲೆಯಲ್ಲಿ ಎಷ್ಟು ಶಾಲಾ ಕೊಠಡಿಗಳ ಕಿಟಕಿ ತೆರೆಯುತ್ತವೆ, ಎಷ್ಟು ಕಿಟಕಿಗಳಿಗೆ ಮಂಗನ ಕಾಟಕ್ಕೆಂದು ಹಲಗೆ ಹೊಡೆದಿದ್ದಾರೆ, ಎಷ್ಟು ಕಡೆ ಫ್ಯಾನ್ ತಿರುಗುತ್ತದೆ ಎಂದು ಕೇಳಿ, ಎಷ್ಟು ಜನ ಉತ್ತರ ಕೊಡುತ್ತಾರೋ ನೋಡೋಣ.

ಈಗ ಸರ್ಕಾರದ ಕಡೆಗೆ. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯವು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ತೆರೆದ ಕ್ರಮ ನೋಡಿ: ಮೊದಲು ಹತ್ತನೇ ತರಗತಿ ಮತ್ತು ಪಿಯು, ಆಮೇಲೆ ಒಂಬತ್ತು, ಆಮೇಲೆ ಆರರಿಂದ ಎಂಟು, ಕೊನೆಗೆ ಪುಟ್ಟ ಮಕ್ಕಳು. ಸಾಕ್ಷ್ಯ ಅಸ್ಪಷ್ಟ ಎಂದೆನಲ್ಲ, ಅದರಲ್ಲೂ ಒಂದು ವಾಲುವಿಕೆ ಇತ್ತು. ಕಿರಿಯ ಮಕ್ಕಳಿಗಿಂತ ಹದಿಹರೆಯದವರಿಂದ ಹರಡುವ ಸಾಧ್ಯತೆ ಹೆಚ್ಚು ಎಂದೇ ಬಹುತೇಕ ಅಧ್ಯಯನಗಳು ಸೂಚಿಸುತ್ತಿದ್ದವು. 2021ರ ಜುಲೈನಲ್ಲಿ ಐಸಿಎಂಆರ್ ಮಹಾನಿರ್ದೇಶಕ ಬಲರಾಮ್ ಭಾರ್ಗವ ಅವರೇ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯಬಹುದು ಎಂದಿದ್ದರು. ನಾವು ಹಿಡಿದದ್ದು ಅದರ ಉಲ್ಟಾ ದಾರಿ, ಏಕೆಂದರೆ ಬೋರ್ಡ್ ಪರೀಕ್ಷೆ ಇರುವುದು ಹತ್ತಕ್ಕೆ ಮತ್ತು ಹನ್ನೆರಡಕ್ಕೆ. ಅಕ್ಷರವೇ ಹತ್ತದ ಒಂದನೇ ತರಗತಿಯವನಿಗೆ ಪರೀಕ್ಷೆಯಿಲ್ಲ, ಅವನ ಪರವಾಗಿ ಮಾತಾಡುವವರೂ ಇಲ್ಲ.

2021ರ ಆಗಸ್ಟ್ 23ರಂದು ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಗಳು ತೆರೆದಾಗ ಹಾಸನ ಬಾಗಿಲು ಮುಚ್ಚಿಕೊಂಡ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಕೊಡಗು, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದ ಜೊತೆ ನಾವೂ ಪಾಸಿಟಿವಿಟಿ ದರಕ್ಕೆ, ಅಂದರೆ ಪರೀಕ್ಷಿಸಿದವರಲ್ಲಿ ಸೋಂಕಿತರ ಪ್ರಮಾಣಕ್ಕೆ, ಎಳೆದ ಶೇ 2ರ ಗೆರೆಯ ಮೇಲಿದ್ದೆವು. ಗೆರೆ ಎಳೆದದ್ದು ತಪ್ಪಲ್ಲ. ಆದರೆ ಆ ಪಾಸಿಟಿವಿಟಿ ಎಂಬ ಅಂಕಿ ಯಾರನ್ನು ಪರೀಕ್ಷಿಸುತ್ತೀರಿ ಎಂಬುದರ ಮೇಲೆ ಏರಿಳಿಯುತ್ತದೆ. ಜ್ವರ ಬಂದವರನ್ನಷ್ಟೇ ಪರೀಕ್ಷಿಸಿದರೆ ಏರುತ್ತದೆ, ಸಿಕ್ಕವರನ್ನೆಲ್ಲ ಹಿಡಿದು ಪರೀಕ್ಷಿಸಿದರೆ ಇಳಿಯುತ್ತದೆ. ಹೊಳೆನರಸೀಪುರದ ಅಂಕಿಗೂ ಸಕಲೇಶಪುರದ ಯಾವುದೋ ತೋಟದ ಅಂಚಿನ ಏಕೋಪಾಧ್ಯಾಯ ಶಾಲೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಜೊತೆಗೆ, ಶಾಲೆ ಮುಚ್ಚಿದ ಆ ದಿನಗಳಲ್ಲಿ ಮುಚ್ಚದೇ ಇದ್ದದ್ದು ಏನೇನು? ಕಲ್ಯಾಣ ಮಂಟಪ, ಸಂತೆ, ಬಾರು, ಎಲ್ಲಕ್ಕಿಂತ ಮುಖ್ಯವಾಗಿ ಟ್ಯೂಷನ್. ಮಹಡಿ ಮೇಲಿನ ಒಂದೇ ಕೋಣೆ, ಹಿಂದೆ ಕಿಟಕಿಯಿಲ್ಲ, ಮುಂದೆ ಅರ್ಧ ಎಳೆದ ಷಟರ್, ಒಳಗೆ ಭುಜಕ್ಕೆ ಭುಜ ತಾಗಿಸಿ ಕೂತ ಹತ್ತನೇ ತರಗತಿಯವರು. ಶಾಲೆಗೆ ಕಳಿಸಲು ಹೆದರಿದ ಪೋಷಕರೇ ಬೈಕಿನಲ್ಲಿ ಕರೆತಂದು ಅಲ್ಲಿಗೆ ಬಿಟ್ಟು ಹೋಗುತ್ತಿದ್ದರು. ಭಯ ನಿಜವಾಗಿದ್ದರೆ ಆ ಮೆಟ್ಟಿಲ ಬುಡದಲ್ಲೂ ಕಾಡಬೇಕಿತ್ತು.

ಶಾಲೆ ಮುಚ್ಚಿದ್ದರಿಂದ ಮಕ್ಕಳು ಉಳಿದರು ಎನ್ನುವವರಿಗೆ ಐಸಿಎಂಆರ್‌ನ ನಾಲ್ಕನೇ ಸೀರೋ ಸಮೀಕ್ಷೆ ತೋರಿಸಬೇಕು. 2021ರ ಜೂನ್-ಜುಲೈನಲ್ಲಿ ನಡೆದ ಅದರಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2 ಮಂದಿಯಲ್ಲಿ, 10ರಿಂದ 17ರವರಲ್ಲಿ ಶೇ 61.6 ಮಂದಿಯಲ್ಲಿ ಪ್ರತಿಕಾಯ ಕಂಡಿತು. ಬಹುಮಟ್ಟಿಗೆ ಶಾಲೆಯ ಮುಖವನ್ನೇ ನೋಡದ ಪುಟ್ಟ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಬಂದು ಹೋಗಿತ್ತು. ಮನೆಯಲ್ಲೇ, ಬೀದಿಯಲ್ಲೇ, ಮದುವೆಯಲ್ಲೇ. ಹಾಗೆಂದು ತೆರೆಯಿರಿ ಎನ್ನುವವರು ಕುಣಿಯಬೇಕಾಗಿಲ್ಲ. ಶಾಲೆ ಸುರಕ್ಷಿತ ಎಂದು ಆ ಸಮೀಕ್ಷೆ ಹೇಳಿಲ್ಲ, ಅದು ಕೇಳಿದ ಪ್ರಶ್ನೆಯೇ ಬೇರೆ. ಅಂದಹಾಗೆ ಕರ್ನಾಟಕದಿಂದ ಆ ಸಮೀಕ್ಷೆಗೆ ಆಯ್ದದ್ದು ಬೆಂಗಳೂರು, ಚಿತ್ರದುರ್ಗ, ಕಲಬುರಗಿ. ಹಾಸನ ಅದರಲ್ಲಿಲ್ಲ.

ಶಾಲೆ ತೆರೆದ ಮೇಲೆ ಏನು ಮಾಡಿದೆವು? ಗೇಟಿನಲ್ಲಿ ಅಟೆಂಡರ್ ಕೈಗೆ ಥರ್ಮಲ್ ಸ್ಕ್ಯಾನರ್ ಕೊಟ್ಟೆವು. ಚಳಿಯಲ್ಲಿ ಸೈಕಲ್ ತುಳಿದು ಬಂದ ಹುಡುಗನ ಮಣಿಕಟ್ಟಿಗೆ ಹಿಡಿದರೆ 33 ಡಿಗ್ರಿ ತೋರಿಸುತ್ತಿತ್ತು. ಮೈಯೊಳಗಿನ ಉಷ್ಣಾಂಶ ಅಷ್ಟಕ್ಕಿಳಿದವನು ಹೀಗೆ ಆರಾಮವಾಗಿ ನಿಂತು ‘ನಮಸ್ತೆ ಸಾರ್’ ಎನ್ನಲಾರ ಎಂದು ವಿಜ್ಞಾನ ಪಾಠ ಮಾಡುವ ಮೇಷ್ಟ್ರಿಗೂ ಅನಿಸಲಿಲ್ಲ, ರಿಜಿಸ್ಟರಿನಲ್ಲಿ 33 ಎಂದೇ ಬರೆದುಕೊಂಡರು. ಆಮೇಲೆ ಕೈಗೆ ಎರಡು ಹನಿ ಸ್ಯಾನಿಟೈಸರ್. ಆಮೇಲೆ ಒಳಗೆ ಹೋಗಿ, ರಸ್ತೆಯ ದೂಳು ಬರುತ್ತದೆಂದು ಕಿಟಕಿ ಹಾಕಿದ ಕೋಣೆಯಲ್ಲಿ ಕೂರುವುದು. ಕೆಮ್ಮು, ಮಾತಿನಿಂದ ಹೊಮ್ಮುವ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಹತ್ತು ಮೀಟರ್‌ವರೆಗೂ ಸಾಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ ಎಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ ತಿಂಗಳಲ್ಲೇ ಸುಲಭ ಭಾಷೆಯಲ್ಲಿ ಹೇಳಿತ್ತು. ಕಾಸು ಖರ್ಚಿಲ್ಲದ ಕೆಲಸ. ಬಿಲ್ಲಿಲ್ಲದ ಕೆಲಸವಾದ್ದರಿಂದಲೋ ಏನೋ ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಸ್ಯಾನಿಟೈಸರ್ ಕೊಂಡಿದ್ದಕ್ಕೆ ವೋಚರ್ ಇದೆ, ಕಿಟಕಿ ತೆರೆದದ್ದಕ್ಕೆ ಎಲ್ಲಿದೆ?

ಮಕ್ಕಳು ಹರಡುತ್ತಾರೆ ಎಂದಾದರೆ ಕಿಟಕಿ ತೆರೆಯಬೇಕು. ಹರಡುವುದು ಕಡಿಮೆ ಎಂದಾದರೂ ಮೇಷ್ಟ್ರಿಂದ ಮೇಷ್ಟ್ರಿಗೆ, ಸ್ಟಾಫ್ ರೂಮಿನಲ್ಲಿ, ಹರಡುತ್ತಿತ್ತಲ್ಲ, ಅದಕ್ಕೂ ತೆರೆಯಬೇಕು. ಸರ್ಕಾರದ ವಿದ್ಯಾಗಮ ಯೋಜನೆಯಂತೆ ಮರದಡಿ, ಜಗಲಿಯಲ್ಲಿ ಪಾಠ ಮಾಡಿದರೂ ನಷ್ಟವಿರಲಿಲ್ಲ. ಆ ಯೋಜನೆಯನ್ನು 2020ರ ಅಕ್ಟೋಬರಿನಲ್ಲಿ ಸೋಂಕಿನ ಸುದ್ದಿ ಬಂದೊಡನೆ ಇಡೀ ರಾಜ್ಯದಲ್ಲೇ ನಿಲ್ಲಿಸಿದರು. ಬಯಲಿನಲ್ಲಿ ನಡೆದ ಪಾಠವೆಷ್ಟು, ದೇವಸ್ಥಾನದ ಒಳಗೆ ಒತ್ತೊತ್ತಾಗಿ ಕೂರಿಸಿ ನಡೆದದ್ದೆಷ್ಟು, ಸೋಂಕು ಬಂದದ್ದು ಯಾವುದರಲ್ಲಿ ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಯಾರಿಗಿತ್ತು? ನಿಲ್ಲಿಸುವುದು ಸುಲಭ, ಒಂದು ಸುತ್ತೋಲೆ ಸಾಕು. ಅದರ ಬೆಲೆ ಮಕ್ಕಳು ಕೊಟ್ಟರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದಾಗ ಶೇ 92 ಮಕ್ಕಳು ಭಾಷೆಯಲ್ಲಿ, ಶೇ 82 ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಯಾವುದಾದರೂ ಒಂದು ಸಾಮರ್ಥ್ಯ ಕಳೆದುಕೊಂಡಿದ್ದರು. ಸರ್ಕಾರಿ ಶಾಲೆಗಳ ಎರಡರಿಂದ ಆರನೇ ತರಗತಿಯ ಮಕ್ಕಳು ಅವರು. ಹಾಸನ ನಗರದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಟ್ಯಾಬ್ ಬಂತು, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡುವವಳ ಮಗುವಿಗೆ ಸೊಪ್ಪು ಕಟ್ಟುವ ಕೆಲಸ ಬಂತು.

ಪೋಷಕರನ್ನು ಇಷ್ಟಕ್ಕೇ ಬಿಟ್ಟರೆ ಪಕ್ಷಪಾತವಾಗುತ್ತದೆ. ಬೆಳಿಗ್ಗೆ ಮಗುವಿಗೆ ಮೈ ಬಿಸಿ. ಅರ್ಧ ಮಾತ್ರೆ ಕೊಟ್ಟು, ಬಿಸಿ ಇಳಿದ ಮೇಲೆ ವ್ಯಾನ್ ಹತ್ತಿಸುವುದು. ಮಧ್ಯಾಹ್ನ ಶಾಲೆಯಿಂದ ಫೋನು. ‘ಏನಿಲ್ಲ ಮೇಷ್ಟ್ರೇ, ರಾತ್ರಿ ಒಸಿ ಮೈ ಬೆಚ್ಗಿತ್ತು ಅಷ್ಟೇಯ. ಮಳೇಲಿ ನೆಂದಿದ್ಲು.’ ಮೇಷ್ಟ್ರು: ‘ಟೆಸ್ಟ್ ಮಾಡ್ಸಮ್ಮಾ.’ ‘ಅಯ್ಯೋ, ಟೆಸ್ಟ್ ಮಾಡ್ಸಿದ್ರೆ ಬರ್ದೇ ಇರೋದೂ ಬತ್ತದೆ. ಬೀದಿಯೋರೆಲ್ಲ ನಮ್ಮನ್ನ ನೋಡೋ ಹಂಗಾಯ್ತದೆ, ಬುಡಿ.’ ಮೇಷ್ಟ್ರು ಬಿಟ್ಟರು, ಪಾಸಿಟಿವ್ ಬಂದರೆ ಶಾಲೆಗೆ ರಜೆ ಘೋಷಿಸಿ ಮೇಲಿನವರಿಗೆ ವರದಿ ಬರೆಯಬೇಕಲ್ಲ. ಆಶಾ ಕಾರ್ಯಕರ್ತೆ ಬಂದು ಕೇಳಿದರೆ ಮಗು ಅಜ್ಜಿ ಮನೆಗೆ ಹೋಗಿದೆ ಎನ್ನುವುದು. ಹೀಗೆ ತಾಯಿ, ಮೇಷ್ಟ್ರು, ಕಚೇರಿ ಮೂವರೂ ಸೇರಿ ಸಾಕ್ಷ್ಯ ಹುಟ್ಟದಂತೆ ನೋಡಿಕೊಂಡರು. ಆಮೇಲೆ ಅದೇ ಮೂವರೂ ‘ಮಕ್ಕಳಿಂದ ಹರಡುತ್ತದೆ ಅನ್ನೋದಕ್ಕೆ ಸಾಕ್ಷ್ಯ ಎಲ್ಲಿದೆ?’ ಎಂದು ಕೇಳಿದರು. ಬೀದಿಯವರ ಕಣ್ಣಿಗೆ ಆ ತಾಯಿ ಹೆದರಿದ್ದು ಸುಳ್ಳಲ್ಲ, 2020ರಲ್ಲಿ ಬಾಂಬೆಯಿಂದ ಬಂದವರನ್ನು ನಾವು ನಡೆಸಿಕೊಂಡ ರೀತಿಯನ್ನು ಅವಳು ನೋಡಿದ್ದಳು.

2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಮುಚ್ಚುವ ತೆರೆಯುವ ನಿರ್ಧಾರವನ್ನು ಜಿಲ್ಲಾಧಿಕಾರಿಗಳಿಗೆ ಬಿಟ್ಟರು. ಅದು ಸರಿಯಾದ ಹೆಜ್ಜೆ, ಒಂದೂವರೆ ವರ್ಷ ತಡವಾಗಿ ಬಂತು. ಅದಾದ ಮೇಲೆ ಎಲ್ಲ ಮರೆತೆವು. ಮರೆವನ್ನು ಚೇತರಿಕೆ ಎಂದು ಕರೆಯುತ್ತಿದ್ದೇವೆ. ಈಗಲೂ ಜೂನ್‌ನಿಂದ ಆಗಸ್ಟ್‌ವರೆಗೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಯಾವುದೇ ಶಾಲೆಗೆ ಹೋಗಿ, ತರಗತಿಯ ಕಾಲುಭಾಗ ಕೆಮ್ಮುತ್ತಿರುತ್ತದೆ, ಕಿಟಕಿ ಹಾಕಿರುತ್ತದೆ. ಜ್ವರದ ಮಗುವನ್ನು ಮಾತ್ರೆ ಕೊಟ್ಟು ಕಳಿಸುವ ಪದ್ಧತಿ ಮುಂದುವರಿದಿದೆ. ವಾರ್ಷಿಕೋತ್ಸವದಲ್ಲಿ ಒಂದು ದಿನವೂ ರಜೆ ಹಾಕದ ಮಗುವಿಗೆ ವೇದಿಕೆಯ ಮೇಲೆ ಸ್ಟೀಲ್ ಡಬ್ಬಿ ಕೊಟ್ಟು ಚಪ್ಪಾಳೆ ತಟ್ಟುವುದೂ ನಿಂತಿಲ್ಲ. ಆ ಮಗು ಜ್ವರದಲ್ಲಿ ಎಷ್ಟು ದಿನ ಬಂದಿತ್ತು ಎಂದು ಕೇಳುವವರಿಲ್ಲ.

ಎಸ್‌ಡಿಎಂಸಿ ಸಭೆಗಳಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಬೇಳೆ, ಸ್ವಾತಂತ್ರ್ಯ ದಿನದ ಲಾಡು ಎಲ್ಲವೂ ಚರ್ಚೆಗೆ ಬರುತ್ತವೆ. ಯಾವ ತರಗತಿಯಲ್ಲಿ ಯಾವ ವಾರ ಎಷ್ಟು ಮಕ್ಕಳು ಜ್ವರಕ್ಕೆ ಗೈರಾದರು ಎಂಬ ಒಂದು ಪುಟ ಯಾವ ಶಾಲೆಯ ಮೇಜಿನ ಮೇಲಿದೆ? ಹಾಜರಾತಿ ಪುಸ್ತಕ ಹೇಗೂ ಇದೆ, ಗೈರಿನ ಪಕ್ಕದಲ್ಲಿ ಕಾರಣ ಬರೆಯಲು ಅರ್ಧ ಇಂಚು ಜಾಗವೂ ಇದೆ. ಮುಂದಿನ ಸೋಂಕು ಬಂದಾಗ ಮಕ್ಕಳಿಂದ ಹರಡುತ್ತದೋ ಇಲ್ಲವೋ ಎಂದು ಜೆರುಸಲೇಮನ್ನೂ ಕೊರಿಯಾವನ್ನೂ ಕೇಳಬೇಕಾಗದಂತೆ ಮಾಡುವುದು ಆ ಅರ್ಧ ಇಂಚು. ಅದನ್ನು ತುಂಬಿಸುವ ಕೆಲಸ ಈ ಸೋಮವಾರವೇ ಶುರುವಾಗಲಿ. ಹೋಗುವಾಗ ಕಿಟಕಿಗೆ ಹೊಡೆದ ಹಲಗೆ ಕೀಳಲು ಸುತ್ತಿಗೆಯೊಂದನ್ನೂ ತೆಗೆದುಕೊಂಡು ಹೋಗಿ, ಮಂಗನಿಗೆ ಜಾಲರಿ ಹಾಕಿಸಿದರಾಯಿತು.